ಗಾಲಿಚೆಯೊಳಗಿನ ಬೀಡಿ ತೂತು

ಶಿರಗುಪ್ಪಿಯ ಪದ್ಮಾವತಿ ಆಯಿಯವರ ಗಾಲಿಚೆಯಲ್ಲಿದ್ದ ಬೀಡಿ ತೂತು ಅವರ ಗಂಡ ಸುಟ್ಟದ್ದಾಗಿರಲಿಲ್ಲ. ಅದನ್ನು ಸುಟ್ಟವಳು ನಾನು. ಕೈತಪ್ಪಿ ಅಲ್ಲ, ಬೇಕೆಂದೇ ಸುಟ್ಟೆ — ಹಾಡಹಗಲು, ನನ್ನದೇ ಅಂಗಳದಲ್ಲಿ, ಗೇಟು ಹಾಕಿಕೊಂಡು. ಆಮೇಲೆ ಅದು ಅವರ ಗಂಡನದೇ ಎಂದು ನಂಬಿಸಿದೆ. ವರ್ಷಗಟ್ಟಲೆ ನಂಬಿಸಿದೆ.

ಇದನ್ನು ಮೆಲ್ಲಗೆ, ತಲೆ ತಗ್ಗಿಸಿ ಹೇಳುವುದು ನನಗೆ ಬರುವುದಿಲ್ಲ. ನಾನು ಶಕುಂತಲಾ, ನಿಪ್ಪಾಣಿಯವಳು. ಗಾಲಿಚೆ ತೊಳೆಯುವುದು, ತೂತು ಕಾಣದಂತೆ ಎಳೆ ಕೂಡಿಸಿ ರಫು ಮಾಡುವುದು ನನ್ನ ಉದ್ಯೋಗ. ಕೈಯಿಂದ ಒಂದೊಂದೇ ಗಂಟು ಹಾಕಿ ನೇಯ್ದ ಉಣ್ಣೆಯ ಗಾಲಿಚೆ ಈ ಕಬ್ಬಿನ ಸೀಮೆಯಲ್ಲಿ ಯಾರ ಮನೆಯಲ್ಲಿ ಇದ್ದೀತು ಎಂದು ಹೊರಗಿನವರು ನಗುತ್ತಾರೆ. ನಗಲಿ. ಹಳೆಯ ತಂಬಾಕು ವ್ಯಾಪಾರಿಗಳ ವಾಡೆಗಳಲ್ಲಿ, ನೂರಾರು ವರ್ಷಗಳಿಂದ ಇಲ್ಲೇ ಬೇರು ಬಿಟ್ಟ ಜೈನ ಮನೆತನಗಳಲ್ಲಿ, ಡಾಂಬರ್ ಗುಳಿಗೆಯ ವಾಸನೆಯೊಳಗೆ ಸುತ್ತಿಟ್ಟ ಎಂತೆಂಥ ಗಾಲಿಚೆಗಳಿವೆ ಎಂದು ನನಗೆ ಗೊತ್ತು. ಮದುವೆಯ ದಿನಗಳು ಬಂದವೆಂದರೆ ಅವೆಲ್ಲ ಹೊರಗೆ ಬರುತ್ತವೆ, ನೇರ ನನ್ನ ಅಂಗಳಕ್ಕೆ ಬರುತ್ತವೆ.

ನಮ್ಮವ್ವ ಬೀಡಿ ಕಟ್ಟಿ ನಮ್ಮನ್ನು ಸಾಕಿದಳು. ಎಲೆ ಸುತ್ತಿ ತುದಿ ಮಡಚುವುದನ್ನು ನನ್ನ ಬೆರಳುಗಳು ಅಕ್ಷರಕ್ಕಿಂತ ಮೊದಲೇ ಕಲಿತಿದ್ದವು. ಅದೇ ಬೆರಳು ನೋಡಿ ಮಿರಜಿನ ಒಬ್ಬ ಮುದುಕ ಉಸ್ತಾದರು ನನಗೆ ರಫು ಕಲಿಸಿದರು. ಅವರದು ಒಂದೇ ಪರೀಕ್ಷೆ. ರಫು ಮುಗಿದ ಮೇಲೆ ಕಣ್ಣು ಮುಚ್ಚಿ ಅಂಗೈ ಆಡಿಸಬೇಕು, ಏನೂ ಕೈಗೆ ಹತ್ತಬಾರದು. ಆ ಪರೀಕ್ಷೆಯಲ್ಲಿ ನಾನು ಸೋತದ್ದು ನೆನಪಿಲ್ಲ. ಹೆಮ್ಮೆಯಿಂದ ಹೇಳುತ್ತೇನೆ, ಯಾಕೆ ಹೇಳಬಾರದು? ಮುಂದಿನದಕ್ಕೆಲ್ಲ ಕಾರಣವೂ ಆ ಹೆಮ್ಮೆಯೇ.

ಆಯಿಯ ಮನೆಗೆ ನಾನು ಮೊದಲ ಸಲ ಹೋದದ್ದು ಅವರ ಗಂಡ ತೀರಿಕೊಂಡ ಮರುವರ್ಷ. ಊರಿಗೆಲ್ಲ ಅವರು ಆಯಿ, ಹಾಗಾಗಿ ನನಗೂ ಆಯಿ. ಪಡಸಾಲೆಯಲ್ಲಿ ಗಾಲಿಚೆ ಹಾಸಿತ್ತು — ಕಡುಗೆಂಪು ಮೈ, ಅಂಚಿಗೆ ನೀಲಿ ಬಳ್ಳಿ. ಅವರ ಮಾವ ಸೊಸೆ ಬರುವ ಹೊತ್ತಿಗೆಂದು ತರಿಸಿದ್ದಂತೆ. ಅಂಥ ಕೆಲಸ ಈಗ ಎಲ್ಲಿ ಬರಬೇಕು! ಆದರೆ ನನ್ನ ಕಣ್ಣು ಮೊದಲು ಹೋದದ್ದು ತೂತಿನ ಮೇಲೆ. ನಡುವಿನ ಹೂವಿನ ಪಕ್ಕದಲ್ಲಿ, ಬೆರಳ ತುದಿ ಹಿಡಿಸುವಷ್ಟು, ಸುತ್ತ ಕರಕಲು.

"ತೊಳದು ಕೊಡು ಅಷ್ಟ," ಅಂದರು ಆಯಿ. "ಬ್ಯಾರೆ ಏನೂ ಮಾಡಬ್ಯಾಡ. ಕೇಳಿಸ್ತಿಲ್ಲೋ?"

"ಕೇಳಿಸ್ತರಿ ಆಯಿ," ಅಂದೆ.

ಕೇಳಿಸಿತ್ತು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮುಂದೆ ಎಷ್ಟೋ ಸಲ ನನಗೆ ನಾನೇ 'ಸರಿಯಾಗಿ ಕೇಳಿಸಿರಲಿಲ್ಲ' ಎಂದು ಸಮಾಧಾನ ಹೇಳಿಕೊಳ್ಳಲು ನೋಡಿದ್ದೇನೆ. ಸುಳ್ಳು. ಚೆನ್ನಾಗಿಯೇ ಕೇಳಿಸಿತ್ತು.

ನಮ್ಮನೆಯವರು ಟೆಂಪೋದಲ್ಲಿ ಗಾಲಿಚೆ ತಂದು ಇಳಿಸಿದರು. ಬೋರಲು ಹಾಕಿ ಬೆತ್ತದಿಂದ ಬಡಿದು ವರ್ಷಗಳ ಧೂಳು ಉದುರಿಸಿದೆ. ಒದ್ದೆ ಬಿಳಿ ಬಟ್ಟೆ ಒತ್ತಿ ಬಣ್ಣ ಬಿಡುತ್ತದೆಯೇ ನೋಡಿದೆ. ಕೆಂಪು ಜಪ್ಪಯ್ಯ ಅನ್ನಲಿಲ್ಲ. ಅಂಟುವಾಳದ ನೊರೆಯಲ್ಲಿ, ಉಣ್ಣೆ ಮಲಗಿದ ದಿಕ್ಕಿಗೇ ಕೈಯಾಡಿಸಿ ತೊಳೆದು, ನೀರು ತಿಳಿಯಾಗುವವರೆಗೂ ಹಾಯಿಸಿ, ನೆರಳಲ್ಲಿ ಒಣಗಿಸಿದೆ. ಮದುಮಗಳ ಹಾಗೆ ಕಳಕಳಿಸುತ್ತಿತ್ತು. ಆ ತೂತು ಮಾತ್ರ — ನನಗೆ ತಡೆಯಲಾಗಲಿಲ್ಲ. ನನ್ನ ಅಂಗಳದಿಂದ ತೂತು ಇಟ್ಟುಕೊಂಡು ಒಂದು ಗಾಲಿಚೆ ಹೋಗುವುದೇ? ಮುದುಕಿ ರಫುವಿನ ಖರ್ಚಿಗೆ ಹೆದರಿ ಬೇಡ ಅಂದಿರಬೇಕು, ಪುಕ್ಕಟೆ ಮಾಡಿಕೊಟ್ಟರೆ ಬೆರಗಾಗಿ ಕೂರುತ್ತಾರೆ, ಹತ್ತು ಮನೆಗೆ ಹೇಳುತ್ತಾರೆ. ಹೀಗೆಲ್ಲ ಲೆಕ್ಕ ಹಾಕಿದೆ. ಅದಕ್ಕೆ ಉಪಕಾರ ಎಂದು ಹೆಸರನ್ನೂ ಇಟ್ಟೆ.

ಕರಕಲು ಉಣ್ಣೆಯನ್ನು ಕತ್ತರಿಸಿ ಕಸಕ್ಕೆ ಹಾಕಿದೆ. ಕೆಳಗಿನ ಎಳೆ ಹೊಸದಾಗಿ ಕಟ್ಟಿ, ನನ್ನ ಟ್ರಂಕಿನಲ್ಲಿದ್ದ ಹಳೆಯ ಉಣ್ಣೆಯಲ್ಲಿ ಆ ಕೆಂಪಿಗೆ ಒಪ್ಪುವ ಕೆಂಪು ಹುಡುಕಿ, ಗಂಟಿನ ಪಕ್ಕ ಗಂಟು ಹಾಕುತ್ತ ಹೋದೆ. ಕೊನೆಗೆ ಕಣ್ಣು ಮುಚ್ಚಿ ಅಂಗೈ ಆಡಿಸಿದೆ. ಏನೂ ಹತ್ತಲಿಲ್ಲ. ಶಭಾಷ್ ಶಕುಂತಲಾ ಎಂದು ನನಗೆ ನಾನೇ ಅಂದುಕೊಂಡೆ.

ಮರುದಿನ ಊಟದ ಹೊತ್ತಿಗೆ ಆಯಿಯ ಫೋನು ಬಂತು. ಗಾಲಿಚೆ ಒಣಗಿತೇ ಎಂದು ಕೇಳಿದರು. ಆಮೇಲೆ ನಗುತ್ತಲೇ ಅಂದರು, "ಆ ತೂತಿಗೆ ಏನೂ ಮಾಡಿಲ್ಲ ಹೌದಿಲ್ಲೋ? ನಮ್ಮನಿಯವರದದು. ಹೇಳಬಾರದಿತ್ತು ನಿನಗ, ಆದ್ರೂ ಹೇಳ್ತೀನಿ."

ಹೇಳಿದರು. ಮದುವೆಯಾದ ಹೊಸತು. ಗಂಡನಿಗೆ ಕದ್ದು ಬೀಡಿ ಸೇದುವ ಚಟ. ಅತ್ತೆಯೋ, ಬಹಳ ಶಿಸ್ತಿನವರು, ಹೊತ್ತು ಮುಳುಗಿದ ಮೇಲೆ ಒಂದು ತುತ್ತು ಬಾಯಿಗಿಡುವವರಲ್ಲ. ಅಂಥ ಮನೆಯ ಪಡಸಾಲೆಯಲ್ಲಿ ಕೂತು ಬೀಡಿ ಹಚ್ಚಿದ್ದಾನೆ ಪುಣ್ಯಾತ್ಮ, ಅಷ್ಟರಲ್ಲಿ ಅತ್ತೆಯ ಹೆಜ್ಜೆ ಸದ್ದು! ಗಾಬರಿಯಲ್ಲಿ ಬೀಡಿಯನ್ನು ಗಾಲಿಚೆಯ ಮೇಲೇ ಒತ್ತಿಬಿಟ್ಟ. ಹೊಸ ಸೊಸೆ ಏನು ಮಾಡಬೇಕು? ಓಡಿಬಂದು ಅದರ ಮೇಲೆ ಸೀರೆ ಹರಡಿ ಕೂತುಬಿಟ್ಟರಂತೆ.

"ಸುಡಾಕತ್ತಿತ್ತು ಶಕುಂತಲಾ, ಆದ್ರೂ ಏಳಲಿಲ್ಲ ನಾ. ಅತ್ತಿ ಮೂಗು ಏರಿಸಿ, ಏನೋ ಕೂದಲ ಸುಟ್ಟ ವಾಸನಿ ಬರಾಕತ್ತೈತಲ್ಲ ಅಂದ್ರು. ಹಾಲು ಉಕ್ಕೇತ್ರಿ ಅತ್ತಿ ಅಂದೆ. ಅವರು ಒಳಗ ಹೋದ ಮ್ಯಾಲೆ ಇಬ್ಬರೂ ಬಾಯಿಗೆ ನನ್ನ ಸೆರಗು ಇಟ್ಟಕೊಂಡು ನಕ್ಕಿದ್ದ ನಕ್ಕಿದ್ದು. ಅಲ್ಲೀತನಕ ಅವರ ಮಾರಿ ಸೈತ ಸರಿಯಾಗಿ ನೋಡಿರಲಿಲ್ಲ ನಾನು. ಸುಟ್ಟ ಸೀರಿ ಒಂದು ಪಾತ್ರೀಗೆ ಬದಲಿ ಭಾಂಡೆ ಮಾರಾಕಿಗೆ ಹೋತು. ಅವರೂ ಹೋದ್ರು. ಉಳದದ್ದು ಈ ತೂತೊಂದು. ಸಂಜೀಕ ಅದರಾಗ ಕೈಬಟ್ಟ ಇಟ್ಟಕೊಂಡು ಕುಂತ್ರ — ಹೋಗ್ಲಿ ಬಿಡು, ನಿನಗ ನಗು ಬರತೈತಿ."

ನನಗೆ ನಗು ಬಂದಿರಲಿಲ್ಲ. ಆ ಕ್ಷಣವೇ ಹೇಳಬೇಕಿತ್ತು — ಬಾಯಿ ಇತ್ತು, ಮಾತೂ ಇತ್ತು. ನಾನು ಅಂದದ್ದು ಇಷ್ಟು:

"ಇಲ್ಲರಿ ಆಯಿ, ಹ್ಯಾಂಗಿತ್ತೋ ಹಂಗಽ ಐತಿ."

ಫೋನಿಟ್ಟವಳೇ ಕಸದ ಗುಂಡಿಗೆ ಓಡಿದೆ. ಕೆದರಿದೆ. ಎಲ್ಲಿಯ ಉಣ್ಣೆ, ಎಲ್ಲಿಯ ಕರಕಲು! ನಮ್ಮನೆಯವರು ಬಂದು ವಿಷಯ ಕೇಳಿ, "ಖರೇ ಹೇಳಿಬಿಡು. ಬೈತಾರ, ಬೈಸ್ಕೋ. ಮುಗೀತಿಲ್ಲೋ?" ಅಂದರು. "ನೀವು ಸುಮ್ಕಿರ್ರಿ," ಅಂದೆ. ಬೈಗುಳಕ್ಕೆ ಹೆದರುವವಳಲ್ಲ ನಾನು. ಶಕುಂತಲಾ ಹೇಳಿದ ಮಾತು ಕೇಳುವುದಿಲ್ಲ ಎಂದು ನಾಲ್ಕು ಮನೆಯಲ್ಲಿ ಮಾತಾಗುವುದಕ್ಕೆ ಹೆದರಿದೆ.

ಅಂಗಡಿಯಿಂದ ಬೀಡಿ ಕಟ್ಟು ತಂದು ಗೇಟು ಹಾಕಿದೆ. ಬೀಡಿ ಕಟ್ಟುವವಳ ಮಗಳು, ಅದುವರೆಗೆ ಒಂದನ್ನೂ ತುಟಿಗೆ ಇಟ್ಟಿರಲಿಲ್ಲ. ಹಚ್ಚಿ ಎಳೆದೆ, ಕೆಮ್ಮಿ ಕಣ್ಣೀರು ಬಂತು. ನನ್ನದೇ ರಫುವಿನ ಮೇಲೆ ಒತ್ತಿದೆ. ಉಣ್ಣೆ ಸುಲಭಕ್ಕೆ ಹೊತ್ತುವುದಿಲ್ಲ, ಸುಟ್ಟುಕೊಂಡು ತಾನೇ ಆರಿಹೋಗುತ್ತದೆ. ಮತ್ತೆ ಹಚ್ಚಿದೆ, ಮತ್ತೆ ಒತ್ತಿದೆ. ಕೂದಲು ಸುಟ್ಟ ವಾಸನೆ ಅಂಗಳದ ತುಂಬ. ಮೊದಲು ತೂತು ಬಹಳ ಗುಂಡಗಾಯಿತು, ನಂಬುವ ಹಾಗಿರಲಿಲ್ಲ. ಒಂದು ಕಡೆ ಸ್ವಲ್ಪ ಹಿಗ್ಗಿಸಿದೆ. ಹೊಸ ಕರಕಲಿನ ಚೂಪು ಹೋಗಲೆಂದು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ಹಳೆಯದು ಮಾಡಿದೆ. ಮೋಸವನ್ನೂ ಅಚ್ಚುಕಟ್ಟಾಗಿ ಮಾಡಿದೆ. ಆ ಕ್ಷಣದಲ್ಲಿ ಅದೂ ನನಗೆ ಒಂದಿಷ್ಟು ಖುಷಿ ಕೊಟ್ಟಿತು — ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ನಿಜ.

ಗಾಲಿಚೆ ಹಾಸಿದ ಕೂಡಲೇ ಆಯಿ ಕೂತು ತೂತಿನೊಳಗೆ ಬೆರಳಿಟ್ಟರು. ಕಣ್ಣು ತುಂಬಿದವು. "ಚಲೋ ಕೈ ಐತಿ ನಿಂದು. ಮುಟ್ಟಬ್ಯಾಡ ಅಂದದ್ದು ಮುಟ್ಟಲಿಲ್ಲ," ಅಂದರು. ಸೊಸೆಯನ್ನು ಕರೆದು, ಒಳಗಿನಿಂದ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಬಟ್ಟೆ ತರಿಸಿ ನನ್ನ ಉಡಿ ತುಂಬಿಸಿದರು. ಸೆರಗು ಒಡ್ಡಿ ತುಂಬಿಸಿಕೊಂಡೆ. ಥೂ!

ಅಲ್ಲಿಂದ ಮುಂದೆ ಆದದ್ದನ್ನು ಕೇಳಿ. ಆಯಿ ಹೋದಲ್ಲೆಲ್ಲ ನನ್ನ ಹೆಸರು ಹೇಳಿದರು. "ಒಂದು ತೂತು ಸೈತ ಹಂಗಽ ತಂದು ಕೊಟ್ಟಾಕಿ ಅಕಿ. ಅಂಥಾ ಪ್ರಾಮಾಣಿಕಳು." ಅಥಣಿಯಿಂದ, ಕಾಗವಾಡದಿಂದ, ಚಿಕ್ಕೋಡಿಯಿಂದ ಜನ ಬಂದರು. ತಗಡಿನ ಚಪ್ಪರ ಹೋಗಿ ಶೆಡ್ಡು ಆಯಿತು. ನನ್ನ ಕೈಗುಣ ಸುಳ್ಳಲ್ಲ, ಕೆಲಸ ನೋಡಿ ಉಳಿದವರೇ ಎಲ್ಲರೂ. ಆದರೆ ನನ್ನ ಪ್ರಾಮಾಣಿಕತೆ ನಂಬಿ ಬಾಗಿಲಿಗೆ ಬಂದ ನೀವೆಲ್ಲ ಆ ತೂತಿನ ಮೂಲಕವೇ ಬಂದಿರಿ. ಅದಕ್ಕೇ ಇದನ್ನು ನಿಮಗೂ ಹೇಳುತ್ತಿದ್ದೇನೆ.

ಪ್ರತಿ ವರ್ಷ ಆ ಗಾಲಿಚೆ ನನ್ನಲ್ಲಿಗೆ ಬರುತ್ತಿತ್ತು. ಆ ತೂತಿನ ಸುತ್ತ ತೊಳೆಯುವಾಗ ಮುಖ ಬೇರೆ ಕಡೆ ತಿರುಗಿಸುತ್ತಿದ್ದೆ. ಹೇಳಿ ಇವರ ನೆಮ್ಮದಿ ಯಾಕೆ ಕೆಡಿಸಲಿ, ಎಂದುಕೊಳ್ಳುತ್ತಿದ್ದೆ. ಯಾರ ನೆಮ್ಮದಿ? — ನನ್ನದೇ.

ಈ ಸಲ ಆಯಿಯ ಮೊಮ್ಮಗಳು ಸ್ನೇಹಾಳ ಮದುವೆ ಗೊತ್ತಾಯಿತು, ರಾಯಬಾಗದ ಕಡೆಗೆ. ಗಾಲಿಚೆ ಅವಳಿಗೆಂದು ಆಯಿ ತೀರ್ಮಾನಿಸಿದ್ದರು. ತೊಳೆದು ತಂದು ಹಾಸಿದೆ. ಆಯಿ ಹುಡುಗಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಬೀಡಿಯ ಕಥೆಯನ್ನೆಲ್ಲ ಹೇಳಿದರು. ಹುಡುಗಿ ಬಿದ್ದು ಬಿದ್ದು ನಕ್ಕಳು. ಆಯಿ ಅವಳ ಬೆರಳು ಹಿಡಿದು ತೂತಿನೊಳಗೆ ಇಟ್ಟು, "ಇವರಽ ನೋಡ ನಿಮ್ಮ ಅಜ್ಜ," ಅಂದರು. ಆ ಹುಡುಗಿ ನಗು ನಿಲ್ಲಿಸಿ, ಕಣ್ಣಿಗೆ ಒತ್ತಿಕೊಳ್ಳುವ ಹಾಗೆ ಬಗ್ಗಿ ಆ ಜಾಗಕ್ಕೆ ನಮಸ್ಕಾರ ಮಾಡಿದಳು.

ಇನ್ನು ಸಾಧ್ಯವಾಗಲಿಲ್ಲ.

"ಆಯಿ, ಆ ತೂತು ಅಜ್ಜಂದಲ್ಲರಿ. ನಂದು."

ಎಲ್ಲವನ್ನೂ ಹೇಳಿದೆ. ಕತ್ತರಿಸಿದ್ದು, ಕಸಕ್ಕೆ ಹಾಕಿದ್ದು, ಬೀಡಿ ಹಚ್ಚಿದ್ದು. ನಡುವೆ ಅಳಲಿಲ್ಲ, ಅತ್ತಿದ್ದರೆ ಅವರು ನನ್ನನ್ನು ಸಮಾಧಾನ ಮಾಡಬೇಕಾಗುತ್ತಿತ್ತು. ಸ್ನೇಹಾ ಬೆರಳು ತೆಗೆದಳು. ಆಯಿ ನನ್ನ ಕಡೆ ತಿರುಗಿದರು.

"ಅವತ್ತ ಫೋನಿನ್ಯಾಗ ಕೇಳಿದ್ನಲ್ಲ ನಾ."

"ಕೇಳಿದ್ರಿ."

"ಹಂಗಽ ಐತಿ ಅಂದಿ."

"ಅಂದೆ ಆಯಿ."

"ಹಂಗಾದ್ರ ಇಷ್ಟು ವರ್ಷ ನಿನ್ನ ತೂತಿನ್ಯಾಗ ಕೈಬಟ್ಟ ಇಟ್ಟಕೊಂಡು ಕುಂತಿದ್ನೇನಬೇ ನಾನು?"

ನಾನು ಗಾಲಿಚೆಯ ಅಂಚು ಹಿಡಿದು ಸುತ್ತಲು ಬಗ್ಗಿದೆ.

"ಮುಚ್ಚು ಅದನ್ನ," ಅಂದರು ಆಯಿ. ದನಿ ಏರಿರಲಿಲ್ಲ. "ನಿನ್ನ ತೂತು ನಮ್ಮ ಮನ್ಯಾಗ ಯಾಕ? ಇಲ್ಲೇ ಕುಂತು ಮುಚ್ಚು, ನನ್ನ ಕಣ್ಣ ಮುಂದ."

ಮರುದಿನ ಸೂಜಿ, ಉಣ್ಣೆ, ಕತ್ತರಿ ತೆಗೆದುಕೊಂಡು ಹೋದೆ. ಅವರ ಪಡಸಾಲೆಯಲ್ಲೇ ಕೂತೆ. ಆಯಿ ಎದುರಿಗೆ ಕುರ್ಚಿ ಹಾಕಿಕೊಂಡು ಕೂತು ನನ್ನ ಕೈಯನ್ನೇ ನೋಡಿದರು. ಅವರ ಮನೆಯಲ್ಲಿ ಚಹಾ ಕುಡಿಯದೆ ಎದ್ದದ್ದು ಅದೇ ಮೊದಲು. ನಾನು ಅವಸರ ಮಾಡಲಿಲ್ಲ, ಎರಡು ಗಂಟಿನ ಜಾಗಕ್ಕೆ ಒಂದೇ ಹಾಕಿ ಮುಗಿಸುವ ಕಳ್ಳಗಂಟು ಹಾಕಲಿಲ್ಲ. ನನಗೆ ಬರುವ ವಿದ್ಯೆಯನ್ನೆಲ್ಲ ಆ ಬೆರಳ ತುದಿಯಷ್ಟು ಜಾಗದಲ್ಲಿ ಇಟ್ಟೆ. ಸಂಜೆಯ ಹೊತ್ತಿಗೆ ಮುಗಿಯಿತು.

ಆಯಿ ಕುರ್ಚಿಯಿಂದ ಇಳಿದು ಗಾಲಿಚೆಯ ಮೇಲೆ ಕೂತರು. ದಿನಾ ಕೂರುವ ಹೊತ್ತು ಅದು. ಕೈ ತಾನಾಗಿಯೇ ನಡುವಿನ ಹೂವಿನ ಕಡೆ ಹೋಯಿತು. ಹೂವಿನ ಈ ಕಡೆ ಸವರಿದರು, ಆ ಕಡೆ ಸವರಿದರು.

"ಎಲ್ಲಿತ್ತದು?"

ಹೇಳಬೇಕಾದವಳು ನಾನೊಬ್ಬಳೇ. ಅವರ ಬೆರಳು ಹಿಡಿದು ಆ ಜಾಗದ ಮೇಲೆ ಇಟ್ಟೆ. ಅವರು ಉಜ್ಜಿ ನೋಡಿದರು. ಕಣ್ಣು ಮುಚ್ಚಿಕೊಂಡು ಮತ್ತೆ ಉಜ್ಜಿದರು.

"ಏನೂ ಕೈಗೆ ಹತ್ತವಲ್ದಲ್ಲಬೇ," ಅಂದರು.

ಜೀವಮಾನವೆಲ್ಲ ಈ ಒಂದು ಮಾತು ಕೇಳಲೆಂದೇ ಕೆಲಸ ಮಾಡಿದವಳು ನಾನು. ಸೂಜಿಯನ್ನು ಡಬ್ಬಿಗೆ ಹಾಕಿಕೊಂಡು ಎದ್ದೆ. ಆಯಿ ತಲೆ ಎತ್ತಿ ನೋಡಲಿಲ್ಲ, ಹುಡುಕುತ್ತಲೇ ಇದ್ದರು.