ನಾಲ್ಕು ವಾಕ್ಯ, ಒಂದೇ ಉಸಿರು

ಹದಿನಾಲ್ಕು ವರ್ಷ ಕಬಡ್ಡಿ ಆಡಿ ಹೊಟ್ಟೆ ಹೊರೆದವನು ನಾನು. ಎದುರಾಳಿಗಳ ಅಂಗಳಕ್ಕೆ ನುಗ್ಗಿ ಬರುವುದೇ ನನ್ನ ಕೆಲಸ. ಒಳಗೆ ಕಾಲಿಟ್ಟ ಮೇಲೆ 'ಕಬಡ್ಡಿ ಕಬಡ್ಡಿ' ಅನ್ನುವುದು ನಿಲ್ಲಬಾರದು. ನಡುವೆ ಉಸಿರು ಕಡಿದರೆ ಯಾರೂ ಮುಟ್ಟದಿದ್ದರೂ ಔಟು. ಹತ್ತನೆಯ ವಯಸ್ಸಿನಲ್ಲಿ ರೈಲ್ವೆ ಕ್ವಾರ್ಟರ್ಸಿನ ಮಣ್ಣಿನಲ್ಲಿ ಕಲಿತ ಈ ಪಾಠ, ಸಂಬಳ ಕೊಟ್ಟು ಆಡಿಸುವ ದೊಡ್ಡ ತಂಡದವರೆಗೂ ನನ್ನನ್ನು ಕರೆದುಕೊಂಡು ಹೋಯಿತು. ಆಮೇಲೆ ಬಲಮಂಡಿ ಕೈಕೊಟ್ಟಿತು. ಮುಂದಿನ ಸೀಸನ್ನಿಗೆ ಕರೆ ಬರಲಿಲ್ಲ.

ಜೊತೆಗೆ ಆಡಿದ್ದ ಗೆಳೆಯನೊಬ್ಬ ಸಿನಿಮಾದ ಸ್ಟಂಟ್ ಮಾಸ್ಟರ್ ಹತ್ತಿರ ಕರೆದುಕೊಂಡು ಹೋದ. ಅಲ್ಲಿಂದ ಮೂರು ವರ್ಷ ನಾಯಕರ ಕೈಯಲ್ಲಿ ಒದೆ ತಿಂದೆ. ಬೀಳುವುದು ನನಗೆ ನೀರು ಕುಡಿದಷ್ಟು ಸುಲಭ. ನನ್ನಷ್ಟು ಚೆಂದವಾಗಿ ಬೀಳುವವರು ಚೆನ್ನೈಯಲ್ಲಿ ಇಲ್ಲ ಎಂದು ಮಾಸ್ಟರ್ ಎಲ್ಲರೆದುರೂ ಹೊಗಳುತ್ತಿದ್ದರು. ಆದರೆ ಬೀಳುವವನ ಮುಖ ಯಾರಿಗೂ ಕಾಣುವುದಿಲ್ಲ. ಅದರ ಬೇಜಾರು ನನಗಿತ್ತು. ಮೈದಾನದಲ್ಲಿ ಸಾವಿರಾರು ಜನ ನನ್ನ ಹೆಸರು ಕೂಗಿದ್ದನ್ನು ಕೇಳಿದ ಕಿವಿ ಇದು.

ಹಾಗಿರುವಾಗ ಒಬ್ಬ ಯುವ ನಿರ್ದೇಶಕರು ಕರೆದು ಮಾತಿರುವ ಪಾತ್ರ ಕೊಟ್ಟರು. ಆಟೋ ಓಡಿಸುವ ಅಪ್ಪ, ಮದುವೆಯಾದ ಮಗಳನ್ನು ಗಂಡನ ಮನೆಗೆ ಕಳಿಸುತ್ತಾನೆ. ಒಟ್ಟು ನಾಲ್ಕು ವಾಕ್ಯ, ತಮಿಳಿನಲ್ಲಿ. ಕನ್ನಡದಲ್ಲಿ ಹೇಳುವುದಾದರೆ ಇಷ್ಟು: ಗಾಡಿ ಬಂತಮ್ಮ. ಹೋಗಿ ಬಾ. ಅಲ್ಲಿ ಏನೇ ಆದರೂ ಈ ಮನೆಯ ಬಾಗಿಲು ತೆರೆದೇ ಇರುತ್ತದೆ. ಕೇಳಿಕೊಂಡು ಬರಬೇಕಾಗಿಲ್ಲ.

ಎರಡನೆಯ ವಾಕ್ಯದ ನಂತರ ಅಪ್ಪ ಸುಮ್ಮನಾಗಬೇಕು, ಆಮೇಲೆ ಮೂರನೆಯದು. ಗುರುವಾರ ರಿಹರ್ಸಲ್. 'ಬಾಯಿ ಬಿಟ್ಟರೆ ಬಣ್ಣಗೇಡು' ಅನ್ನುವುದು ನನ್ನಂಥವನನ್ನು ನೋಡಿಯೇ ಹುಟ್ಟಿರಬೇಕು. ನಾಲ್ಕೂ ವಾಕ್ಯ ಒಂದೇ ಉಸಿರಿನಲ್ಲಿ ಹೊರಬಿದ್ದವು. ನಿರ್ದೇಶಕರು ನಕ್ಕು ಇನ್ನೊಮ್ಮೆ ಅಂದರು. ಇನ್ನೊಮ್ಮೆಯೂ ಹಾಗೆಯೇ. ನಿಲ್ಲಬೇಕು ಎಂದು ತಲೆಗೆ ಗೊತ್ತು, ಎದೆಗೆ ಗೊತ್ತಿಲ್ಲ. ಉಸಿರು ಮುಗಿಯುವ ಮೊದಲು ಗೆರೆ ಮುಟ್ಟಬೇಕೆಂದು ಅದು ನನ್ನನ್ನು ತಳ್ಳುತ್ತಿತ್ತು. ಏಳನೆಯ ಸಲದ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ನಿರ್ದೇಶಕರು ಹೆಗಲ ಮೇಲೆ ಕೈಯಿಟ್ಟು, ಸೋಮವಾರ ಶೂಟಿಂಗ್, ಅವತ್ತೂ ಹೀಗೇ ಆದರೆ ಬೇರೆಯವರಿಂದ ಮಾಡಿಸಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿದರು. ಗದರಿದ್ದರೆ ತಿರುಗಿ ಗದರುತ್ತಿದ್ದೆ. ಮೆಲ್ಲಗೆ ಹೇಳಿದ್ದಕ್ಕೆ ತಲೆಯಾಡಿಸಿ ಹೊರಗೆ ಬಂದೆ. ಈ ಪಾತ್ರ ಹೋದರೆ ಮತ್ತೆ ಬೀಳುವುದೇ ಗತಿ, ಮಂಡಿಯೋ ಇನ್ನೊಂದು ವರ್ಷ ತಾಳುವುದೂ ಅನುಮಾನ.

ಮನೆಯಲ್ಲಿ ಮಗಳು ಕಾಗದ ಹಿಡಿದು ಪ್ರಾಕ್ಟೀಸ್ ಮಾಡಿಸಿದಳು. ನಾವು ಅವಳೊಡನೆ ಕನ್ನಡದಲ್ಲಿ ಮಾತಾಡುತ್ತೇವೆ, ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಮುಂದಿನ ತಿಂಗಳು ಕಾಲೇಜಿಗೆಂದು ತಿರುಚ್ಚಿಯ ಹಾಸ್ಟೆಲಿಗೆ ಹೊರಟವಳು. ಅಪ್ಪ, ನಿನ್ನ ಹಿಂದೆ ಯಾರೋ ಹಿಡಿಯಲು ಓಡಿ ಬರುತ್ತಿರುವ ಹಾಗಿದೆ ಎಂದು ತಮಿಳಿನಲ್ಲಿ ಛೇಡಿಸಿದಳು. ನನಗೆ ರೇಗಿ ಕಾಗದ ಕಿತ್ತುಕೊಂಡೆ.

ಮರುದಿನ ಶುಕ್ರವಾರ, ಪಲ್ಲಾವರಂ ಸಂತೆ. ಹಾಸ್ಟೆಲಿಗೆ ಒಂದು ಹಳೆಯ ಟ್ರಂಕು ನೋಡೋಣವೆಂದು ಹೆಂಡತಿ ಹೊರಡಿಸಿದಳು. ಚೌಕಾಸಿಯ ನಡುವೆ ಮೂಗು ತೂರಿಸಿ ಕೆಲಸ ಕೆಡಿಸುವವನೆಂದು ನನಗೆ ಮೊದಲೇ ಹೆಸರಿದೆ, ಆದ್ದರಿಂದ ಬಾಯಿ ತೆರೆಯಕೂಡದು ಎಂದು ದಾರಿಯಲ್ಲೇ ಕಟ್ಟಪ್ಪಣೆಯಾಗಿತ್ತು. ಅವಳು ನೀಲಿ ಟ್ರಂಕೊಂದನ್ನು ಆರಿಸಿ ತನ್ನ ರೇಟು ಹೇಳಿದಳು. ಹೇಳಿ ಸುಮ್ಮನಾದಳು. ಅಂಗಡಿಯವನು ಟ್ರಂಕಿನ ಗುಣಗಾನ ಮಾಡಿದ, ತನ್ನ ಕಷ್ಟ ಹೇಳಿದ, ಬಿಸಿಲನ್ನು ಬೈದ. ಇವಳದು ತುಟಿಪಿಟಕ್ಕಿಲ್ಲ. ನನಗೋ ಹಿಂಸೆ. ಮಾತಾಡುವಂತಿಲ್ಲದೆ ಮೊದಲ ಬಾರಿ ಅವಳನ್ನು ಸರಿಯಾಗಿ ನೋಡಿದೆ. ಹೆಗಲು ಸಡಿಲ, ಉಸಿರು ನಿಧಾನ, ಕಣ್ಣು ಅವನ ಮುಖದ ಮೇಲೆ. ಸೋಲುವ ಗಾಬರಿಯೇ ಇಲ್ಲ. ಕೊನೆಗೆ ಅವನೇ ಅವಳ ರೇಟಿಗೆ ಇಳಿದ.

ಟ್ರಂಕನ್ನು ಹೆಗಲಿಗೇರಿಸಿಕೊಂಡು ಬರುವಾಗ ಕೇಳಿದೆ, ಆ ಹೊತ್ತಿನಲ್ಲಿ ನೀನು ಒಳಗೊಳಗೇ ಏನು ಮಾಡುತ್ತೀಯ ಎಂದು.

"ಏನೂ ಮಾಡಲ್ಲ ರೀ," ಅಂದಳು. "ನಾನ್ ಹೇಳಿದ್ದು ಅವನಿಗೆ ತಲುಪೋದು ಬೇಡ್ವಾ? ತಲುಪೋ ತನಕ ಕಾಯ್ತೀನಿ, ಅಷ್ಟೇ."

ಹದಿನೆಂಟು ವರ್ಷ ಸಂಸಾರ ಮಾಡಿದ್ದೇನೆ, ಇದನ್ನು ಕೇಳಬೇಕೆಂದು ನನಗೆ ತೋಚಿರಲಿಲ್ಲ. ನಾನು ಇಷ್ಟು ದಿನ ಮಾತನ್ನು ತಲುಪಿಸಿಯೇ ಇಲ್ಲ, ಎಸೆದು ಓಡಿದ್ದೇನೆ ಅನಿಸಿತು. ಶನಿವಾರ, ಭಾನುವಾರ ಮಗಳ ಮುಂದೆ ಮತ್ತೆ ನಿಂತೆ. ಹತ್ತು ಸಲಕ್ಕೆ ಮೂರು ಸಲ ನಿಲ್ಲಲು ಬಂತು. ಏಳು ಸಲ ಓಡಿದೆ. ಅಷ್ಟು ಹೊತ್ತಿಗೆ ನಾಲ್ಕೂ ವಾಕ್ಯ ಅವಳಿಗೇ ಬಾಯಿಪಾಠವಾಗಿದ್ದವು.

ಸೋಮವಾರ ಬೆಳಗ್ಗೆ ಕಾಸಿಮೇಡಿನ ಓಣಿಯಲ್ಲಿ ಶೂಟಿಂಗ್. ನನ್ನದೇ ಅಳತೆಯ ಖಾಕಿ ಅಂಗಿ ತೊಟ್ಟ ಇನ್ನೊಬ್ಬ ನಟ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದ. ಅವನನ್ನು ಯಾಕೆ ಕರೆಸಿದ್ದಾರೆಂದು ಯಾರೂ ಹೇಳಬೇಕಿರಲಿಲ್ಲ. ಅವನೂ ನನ್ನ ಕಣ್ಣು ತಪ್ಪಿಸುತ್ತಿದ್ದ, ಪಾಪ.

ಮೊದಲ ಟೇಕಿನಲ್ಲಿ ಓಡಿದೆ. ಎರಡನೆಯದರಲ್ಲಿ ಮಗಳ ಪಾತ್ರದ ಹುಡುಗಿ ತಲೆ ತಗ್ಗಿಸಿ ನಿಂತಳು. ಗಾಡಿ ಬಂತಮ್ಮ, ಅಂದೆ. ಹೋಗಿ ಬಾ, ಅಂದೆ. ಎದೆಯಲ್ಲಿದ್ದ ಉಸಿರನ್ನೆಲ್ಲ ಬಿಟ್ಟುಬಿಟ್ಟೆ. ಔಟಾದೆ ಎಂದು ಮೈಯೆಲ್ಲ ಕೂಗಿತು, ಕಾಲು ತಾನಾಗಿ ಹಿಂದಕ್ಕೆ ಹೊರಟಿತ್ತು. ಹೇಗೋ ನಿಂತೆ. ಮಾತು ಅವಳಿಗೆ ತಲುಪಲಿ ಎಂದು ಮುಖ ನೋಡುತ್ತಾ ಕಾದೆ. ಆ ಹುಡುಗಿ ತಲೆಯೆತ್ತಿದಳು. ಅದು ಕಾಗದದಲ್ಲಿ ಇರಲಿಲ್ಲ. ಅವಳ ಕಣ್ಣು ತುಂಬಿತ್ತು. ಮೂರನೆಯ ವಾಕ್ಯ ಹೊರಡಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟು ಹಾಗೇ ನಿಂತುಬಿಟ್ಟೆ.

ಕಟ್ ಎಂದಾಗ ಕೆಟ್ಟಿತು ಅಂದುಕೊಂಡೆ. ಇನ್ನೆರಡು ಬಾಕಿ ಇದೆ ಸಾರ್, ಇನ್ನೊಂದು ಟೇಕ್ ಕೊಡಿ ಎಂದು ಗೋಗರೆದೆ. ಬೇಡ, ಆ ಎರಡು ಇನ್ನು ಬೇಕಿಲ್ಲ ಎಂದು ನಿರ್ದೇಶಕರು ಮುಂದಿನ ಶಾಟಿಗೆ ಹೊರಟರು. ಖಾಕಿ ಅಂಗಿಯವನು ಎದ್ದು ಬಂದು ಕೈಕುಲುಕಿದ. ಟ್ರೋಫಿ ಎತ್ತಿದ ದಿನವೂ ನನಗೆ ಇಷ್ಟು ಸಂತೋಷ ಆಗಿರಲಿಲ್ಲ.

ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತು ಎಲ್ಲ ಹೇಳಿದೆ. ಪ್ರಾಕ್ಟೀಸ್ ಮಾಡಿಸಿದ ಮಗಳಿಗೆ ಮಾತ್ರ ಅಸಮಾಧಾನ. ಇಷ್ಟು ಒದ್ದಾಡಿದ ಮೇಲೆ ಉಳಿದೆರಡು ವಾಕ್ಯ ದಂಡವಾದವಲ್ಲ ಎಂದು ಗೊಣಗಿದಳು. ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿಟ್ಟೆ.

"ಅಲ್ಲಿ ಏನೇ ಆದ್ರೂ, ಈ ಮನೆ ಬಾಗ್ಲು ತೆಗ್ದೇ ಇರುತ್ತೆ ಕಣಮ್ಮ," ಅಂದೆ.

ಅವಳು ನಕ್ಕಳು. ನಾನು ನಗಲಿಲ್ಲ, ಕಾದೆ. ಅವಳ ನಗು ನಿಧಾನವಾಗಿ ನಿಂತಿತು. ನಾಲ್ಕನೆಯದನ್ನು ನಾನು ಹೇಳುವ ಮೊದಲೇ ಅವಳು ಕನ್ನಡದಲ್ಲೇ ಹೇಳಿದಳು.

"ಕೇಳ್ಕೊಂಡು ಬರ್ಬೇಕಾಗಿಲ್ಲ."

ಯಾರೂ ಕೇಳದಿದ್ದರೂ ಹೆಂಡತಿ ಮಜ್ಜಿಗೆ ತರುತ್ತೇನೆಂದು ಎದ್ದು ಒಳಗೆ ಹೋದಳು.