ಲಕ್ಷ್ಮೀದೇವಕ್ಕನ ಭಾನುವಾರದ ಕಾಲುದಾರಿ

ಮೊಣಕಾಲಿನ ತನಕ ಎತ್ತಿ ಸೊಂಟಕ್ಕೆ ಸಿಕ್ಕಿಸಿದ ಹತ್ತಿ ಸೀರೆ, ಕಾಲಿಗೆ ಮಗನ ಹಳೇ ಕ್ಯಾನ್ವಾಸ್ ಬೂಟು, ತಲೆಗೆ ಬಿಗಿದು ಕಟ್ಟಿದ ಟವೆಲ್ಲು. ಭಾನುವಾರ ಬೆಳಿಗ್ಗೆ ಈ ವೇಷದಲ್ಲಿ ಲಕ್ಷ್ಮೀದೇವಕ್ಕ ಮೊಳಕಾಲ್ಮುರಿನ ನಮ್ಮ ಬೀದಿಗೆ ಇಳಿದರೆ ಹಾಲಿನವನೂ ಸೈಕಲ್ ನಿಲ್ಲಿಸಿ ನೋಡುತ್ತಿದ್ದ. ನೋಡಲಿ ಬಿಡಿ! ಅವರಿಗೆ ಅದರ ಪರಿವೆಯೇ ಇರಲಿಲ್ಲ. ಹಿಂದೆ ನಾಲ್ಕೈದು ಹೆಂಗಸರನ್ನು ಕಟ್ಟಿಕೊಂಡು, ‘ಪದಂಡಿ, ಪದಂಡಿ, ಬಿಸ್ಲು ಏರಿಬಿಡ್ತೈತೆ’ ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಅವಸರ ಮಾಡುತ್ತಾ ಊರಾಚೆಯ ಗುಡ್ಡದ ಕಡೆ ನಡೆದುಬಿಡುತ್ತಿದ್ದರು.

ಅವರು ರೇಷ್ಮೆ ಸೀರೆ ನೇಯುವವರು. ಹದಿನಾಲ್ಕನೇ ವಯಸ್ಸಿಗೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವರು, ಅರವತ್ತು ದಾಟಿದರೂ ಎದ್ದಿರಲಿಲ್ಲ. ಈ ನಡಿಗೆಯ ಹುಚ್ಚು ಎಲ್ಲಿಂದ ಬಂತು ಅಂತ ಒಮ್ಮೆ ಕೇಳಿದ್ದೆ. ‘ಲೆಕ್ಕ ಹಾಕಮ್ಮಾ ನೀನೇ. ದಿನಾ ಬೆಳಗಿಂದ ಸಂಜೆ ತಂಕ ತುಳೀತೀನಿ, ತುಳೀತೀನಿ, ಒಂದು ಗೇಣು ಮುಂದಕ್ಕೆ ಹೋಗಿಲ್ಲ. ಈ ಕಾಲಿಗೂ ಒಂದೀಟು ಊರು ತೋರಿಸಬ್ಯಾಡ್ವಾ?’ ಎಂದರು. ಅದಕ್ಕೇ ಭಾನುವಾರ ಮಗ್ಗಕ್ಕೆ ಬಟ್ಟೆ ಹೊದಿಸಿ ಹೊರಡುತ್ತಿದ್ದರು. ಒಂದು ವಾರ ನುಂಕೆಮಲೆಯ ಹಿಂದಿನ ಕಾಡುದಾರಿ, ಇನ್ನೊಂದು ವಾರ ಹಗರಿಯ ದಂಡೆಯ ಹೊಂಗೆ ಸಾಲು. ಬಸ್ಸು ಸಿಕ್ಕಿದರೆ ಜಟಿಂಗ ರಾಮೇಶ್ವರದ ಬೆಟ್ಟ.

ನಾನು ಅವರ ಎದುರುಮನೆಯಲ್ಲಿ ಬಾಡಿಗೆಗೆ ಇದ್ದವಳು. ತವರು ಚಳ್ಳಕೆರೆ. ಗಂಡನಿಗೆ ಇಲ್ಲಿಗೆ ವರ್ಗವಾಗಿತ್ತು. ಬಂದ ವರ್ಷವೇ ಏಳನೇ ತಿಂಗಳಲ್ಲಿ ನನ್ನ ಮಗು ಹೊಟ್ಟೆಯಲ್ಲೇ ಹೋಯಿತು. ಹೆಣ್ಣುಮಗು. ಅದನ್ನು ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋದರು, ನನಗೆ ಸರಿಯಾಗಿ ಮುಖ ತೋರಿಸಲೂ ಇಲ್ಲ. ಆಮೇಲೆ ಬಂದವರೆಲ್ಲ ಒಂದೇ ಮಾತು: ಮರೆತುಬಿಡು, ಇನ್ನೊಂದಾಗುತ್ತೆ. ನಮ್ಮವ್ವನೂ ಅದನ್ನೇ ಅಂದಳು. ಗಂಡ ಪಾಪ, ಆ ವಿಷಯ ತೆಗೆದರೆ ನಾನು ಎಲ್ಲಿ ಒಡೆದುಹೋಗುತ್ತೇನೋ ಎಂದು ಹೆದರಿ ತುಟಿಯೇ ಬಿಚ್ಚುತ್ತಿರಲಿಲ್ಲ. ನಾನು ಹೊಸ್ತಿಲು ದಾಟುವುದನ್ನೇ ಬಿಟ್ಟೆ. ತರಕಾರಿ ಗಾಡಿ ಬಂದರೂ ಕಿಟಕಿಯಲ್ಲೇ ವ್ಯಾಪಾರ.

ಹೀಗಿರುವಾಗ ಒಂದು ಭಾನುವಾರ ಲಕ್ಷ್ಮೀದೇವಕ್ಕ ಬಾಗಿಲಲ್ಲಿ ಬಂದು ನಿಂತರು. ಸಮಾಧಾನದ ಮಾತು ಶುರುವಾಯಿತು ಅಂದುಕೊಂಡು ನಾನು ಮುಖ ಗಂಟಿಕ್ಕಿಕೊಂಡೆ. ಅವರು ಕೇಳಿದ್ದು ಬೇರೆಯೇ.

‘ಏನಮ್ಮಾ, ನಿಮ್ ಮನ್ಯಾಗೆ ದೊಡ್ಡ ನೀರಿನ ಬಾಟ್ಲಿ ಐತಾ?’

‘ಐತೆ ಅಕ್ಕಾ.’

‘ತುಂಬಿಸ್ಕಂಡು ಬಾ. ಗೌರಮ್ಮ ತನ್ನ ಬಾಟ್ಲಿ ಮರ್ತು ಬಂದವಳೆ. ನಾವು ಬಾಯಿ ಒಣಗಿ ಸಾಯ್ಬೇಕಾ?’

ಬಾಟಲಿಯನ್ನು ಅವರ ಕೈಗೆ ಕೊಟ್ಟು ಬಾಗಿಲು ಹಾಕಿಕೊಳ್ಳೋಣ ಅಂದರೆ, ಆ ಮಹಾತಾಯಿ ಇಸಿದುಕೊಂಡರೆ ತಾನೇ! ‘ಹೊರೋರು ಯಾರು? ನಂಗೆ ವಯಸ್ಸಾಗೈತೆ’ ಎಂದು ಮುಂದೆ ನಡೆದೇಬಿಟ್ಟರು. ಬೈದುಕೊಂಡೇ ಹಿಂದೆ ಹೋದೆ. ಅವತ್ತು ಹಗರಿಯ ದಂಡೆಯಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕಾರೆಮುಳ್ಳು ಸೀರೆಗೆ ಸಿಕ್ಕಿದರೆ ಬಿಡಿಸಿದರು, ಮರಳಿನಲ್ಲಿ ಕೂತು ಮಂಡಕ್ಕಿ ಮೆಣಸಿನಕಾಯಿ ತಿಂದರು, ಸೊಸೆಯಂದಿರನ್ನು ಆಡಿಕೊಂಡು ನಕ್ಕರು. ಮನೆಗೆ ಬಂದಾಗ ಕಾಲುಗಳು ಸೋತು ಹೋಗಿದ್ದವು. ಆ ಮಧ್ಯಾಹ್ನ ಎಷ್ಟೋ ವಾರಗಳ ಮೇಲೆ ಗಾಢವಾಗಿ ನಿದ್ದೆ ಮಾಡಿದೆ.

ಆಮೇಲೆ ಪ್ರತಿ ಭಾನುವಾರ ಬಾಟಲಿ ಹೊರುವ ಕೆಲಸ ನನ್ನದೇ ಆಯಿತು.

ಲಕ್ಷ್ಮೀದೇವಕ್ಕನಿಗೆ ಎಲ್ಲ ದಾರಿಯೂ ಗೊತ್ತಿತ್ತು ಅಂತೇನಿಲ್ಲ. ದಾರಿ ತಪ್ಪಿಸುವುದರಲ್ಲಿ ಅವರು ಎತ್ತಿದ ಕೈ. ಜಟಿಂಗ ರಾಮೇಶ್ವರಕ್ಕೆ ನೆಟ್ಟಗೆ ಮೆಟ್ಟಿಲಿವೆ. ಆದರೆ ಅವರಿಗೆ ಮೆಟ್ಟಿಲು ಕಂಡರೆ ಆಗದು, ಬೆಟ್ಟದ ಹಿಂಬದಿಯ ಕುರುಚಲು ಕಾಡಿನ ಜಾಡೇ ಬೇಕು. ಎರಡು ಸಲ ದಾರಿ ತಪ್ಪಿದ ಮೇಲೆ ತಿರುವು ತಿರುವಿಗೂ ಕಲ್ಲಿನ ಮೇಲೆ ಕಲ್ಲಿಟ್ಟು ಗುರುತು ಮಾಡಿದರು. ‘ಇನ್ನು ಕಣ್ಣು ಮುಚ್ಕಂಡು ಹೋಗ್ಬೋದು’ ಎಂದು ಬೀಗಿದರು. ಶ್ರಾವಣ ಕಳೆದು ಮತ್ತೆ ಹೋಗಿ ನೋಡುತ್ತೇವೆ, ಗುಡ್ಡದ ತುಂಬ ಕಲ್ಲಿನ ಗೋಪುರಗಳು! ನಮ್ಮ ಕಡೆ ಸ್ವಂತ ಮನೆ ಆಗಲಿ ಎಂದು ಬೇಡಿಕೊಳ್ಳುವವರು ದೇವರ ಬೆಟ್ಟದಲ್ಲಿ ಹೀಗೇ ಕಲ್ಲು ಪೇರಿಸಿ ಪುಟ್ಟ ಮನೆ ಕಟ್ಟುತ್ತಾರೆ. ನಮ್ಮ ಗುರುತುಗಳನ್ನು ಕಂಡ ಭಕ್ತರು ಹರಕೆಯ ಜಾಗ ಇದೇ ಎಂದುಕೊಂಡು, ಪಕ್ಕದಲ್ಲೊಂದು, ಅದರ ಪಕ್ಕದಲ್ಲೊಂದು ಕಟ್ಟಿ, ಅರಿಶಿನ ಕುಂಕುಮ ಹಾಕಿ ಹೋಗಿದ್ದರು. ಯಾವುದು ದಾರಿ, ಯಾವುದು ಮನೆ? ಸುತ್ತಿ ಸುತ್ತಿ ಕೊನೆಗೆ ಯಾರದೋ ಕುರಿಹಟ್ಟಿಗೆ ಹೋಗಿ ಬಿದ್ದೆವು.

ಲಕ್ಷ್ಮೀದೇವಕ್ಕ ಬಂಡೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ‘ಅಯ್ಯೋ ರಾಮಾ, ನಮ್ ದಾರಿ ಮ್ಯಾಲೆ ಒಂದು ಊರೇ ಕಟ್ಟಿಬಿಟ್ಟವ್ರಲ್ಲೇ!’ ಸುಸ್ತಾಗಿದ್ದ ಗೌರಮ್ಮ ಒಂದನ್ನು ಕಾಲಿಂದ ಒದೆಯಲು ಹೋದಳು. ಅಕ್ಕ ತಡೆದರು. ‘ಬ್ಯಾಡ ಕಣೇ. ಯಾವ ತಾಯಿ ಬಾಡಿಗೆ ಮನ್ಯಾಗೆ ಬೈಸ್ಕಂಡು ಬಂದು ಕಟ್ಟವಳೋ.’

ಮುಂದಿನ ಸಲ ಕಲ್ಲು ಬಿಟ್ಟು, ಮಗ್ಗದಲ್ಲಿ ಉಳಿದ ಕೆಂಪು ರೇಷ್ಮೆಯ ತುಂಡು ಎಳೆಗಳನ್ನು ಗಿಡಗಳಿಗೆ ಕಟ್ಟಿದರು. ಅದೂ ಎಡವಟ್ಟಾಯಿತು. ಕೆಲವೇ ವಾರಗಳಲ್ಲಿ ಒಂದು ಕಮರದ ಮರದ ಕೊಂಬೆಯಲ್ಲಿ ನಮ್ಮ ಎಳೆಯ ಪಕ್ಕ ಯಾರೋ ಮಕ್ಕಳ ಹರಕೆಯ ಪುಟ್ಟ ಬಟ್ಟೆ ತೊಟ್ಟಿಲು ಕಟ್ಟಿದ್ದರು. ಆಮೇಲೆ ಐದಾರು ಸೇರಿಕೊಂಡವು. ಅದನ್ನು ನೋಡಿಕೊಂಡಿದ್ದ ಗೌರಮ್ಮ ಒಂದು ಭಾನುವಾರ ಆ ಮರದ ಕೆಳಗೆ ನಿಂತು ಚೀಲದಿಂದ ಹಸಿರು ಬಟ್ಟೆಯ ತೊಟ್ಟಿಲು ತೆಗೆದಳು. ನನಗಾಗಿ ತಾನೇ ಹೊಲಿದಿದ್ದಳು.

‘ಕಟ್ಟಮ್ಮ. ಹೋದದ್ದು ಹೋಯ್ತು. ಬರೋ ವರ್ಷಕ್ಕೆ ಮಡಿಲು ತುಂಬ್ತೈತೆ.’

ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ನನ್ನ ಕೈ ಮೇಲೇಳಲಿಲ್ಲ. ಆ ತೊಟ್ಟಿಲು ಕಟ್ಟಿದರೆ ನನ್ನ ಮಗು ಇರಲೇ ಇಲ್ಲ ಅಂತ ನಾನೇ ಒಪ್ಪಿಕೊಂಡ ಹಾಗಾಗುತ್ತದೆ ಅನ್ನಿಸಿತು. ಲಕ್ಷ್ಮೀದೇವಕ್ಕ ಬಂದು ಗೌರಮ್ಮನ ಕೈಯಿಂದ ಮೆಲ್ಲಗೆ ಅದನ್ನು ತೆಗೆದುಕೊಂಡು ಅವಳ ಚೀಲಕ್ಕೇ ಹಾಕಿದರು.

‘ಬರೋದ್ರ ಮಾತು ಆಮ್ಯಾಲೆ. ಹೋದದ್ದಕ್ಕೆ ಅವ್ಳಿನ್ನೂ ಅತ್ತಿಲ್ಲ. ಮೊದ್ಲು ಅದಾಗ್ಲಿ.’

ಅಷ್ಟೇ ಸಾಕಾಯಿತು. ಆ ಮರಕ್ಕೆ ಒರಗಿ ಕೂತು ಬೋರಾಡಿ ಅತ್ತೆ. ಆಸ್ಪತ್ರೆಯಲ್ಲಿ ಅಳದವಳು, ಮನೆಯಲ್ಲಿ ಅಳದವಳು, ಕುರಿ ಮೇಯುವ ಗುಡ್ಡದಲ್ಲಿ ನಾಚಿಕೆ ಬಿಟ್ಟು ಅತ್ತೆ. ಯಾರೂ ಸುಮ್ಮನಿರು ಅನ್ನಲಿಲ್ಲ. ಅಕ್ಕ ಪಕ್ಕದಲ್ಲಿ ಕೂತು ಬೂಟಿನೊಳಗೆ ಹೋದ ಮುಳ್ಳು ಕೀಳುತ್ತಿದ್ದರು. ನಾನು ಮುಗಿಸಿದ ಮೇಲೆ ಬಾಟಲಿ ತೆರೆದು ನೀರು ಕೊಟ್ಟರು. ಆ ಋಣವನ್ನು ನಾನು ಹೇಗೆ ತೀರಿಸಲಿ? ತೀರಿಸುವುದೂ ಬೇಡ, ಇರಲಿ ಅನ್ನಿಸುತ್ತದೆ.

ಕಳೆದ ಬೇಸಿಗೆಯಲ್ಲಿ ಅವರಿಗೆ ಕಾಮಾಲೆ ಹಿಡಿಯಿತು. ನೋಡ ನೋಡುತ್ತಾ ವಿಪರೀತಕ್ಕೆ ಹೋಗಿ ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದರು. ನಾನು ನೋಡಲು ಹೋದಾಗ ಮಂಚದಲ್ಲಿ ಅವರು ಇದ್ದದ್ದೇ ಗೊತ್ತಾಗುತ್ತಿರಲಿಲ್ಲ, ಅಷ್ಟು ಸಣ್ಣಗಾಗಿದ್ದರು. ಹಗರಿಯಲ್ಲಿ ನೀರು ಬಂದಿದೆಯಾ, ಯಾರು ಯಾರು ಹೋಗ್ತಿದೀರಿ ಎಂದೆಲ್ಲ ವಿಚಾರಿಸಿದರು. ಮಗ ಔಷಧಿ ತರಲು ಹೊರಗೆ ಹೋದ. ಆಗ ನನ್ನ ಕೈ ಹಿಡಿದುಕೊಂಡರು.

‘ಪಿಲ್ಲಾ, ಒಂದು ಮಾತು ಕೇಳ್ತೀನಿ. ಆ ಮಗೀಗೆ ಮನಸ್ಸಿನಾಗೆ ಹೆಸ್ರು ಇಟ್ಟಿದ್ದೆ ಅಲ್ವಾ?’

ಗಂಡನಿಗೂ ಹೇಳಿರಲಿಲ್ಲ ನಾನು.

‘ಇಟ್ಟಿದ್ದೆ ಅಕ್ಕಾ. ಭೂಮಿಕಾ.’

‘ಭೂಮಿಕಮ್ಮ’ ಎಂದರು, ಮನೆಗೆ ಬಂದವರನ್ನು ಮಾತಾಡಿಸುವ ಹಾಗೆ. ‘ಚೆಂದೈತೆ. ನಾನೂ ಒಂದಕ್ಕೆ ಇಟ್ಟಿದ್ದೆ. ವೆಂಕಟೇಶ ಅಂತ. ಈ ಮಗನಿಗಿಂತ ಮುಂಚೆ. ಇಷ್ಟು ವರ್ಷಕ್ಕೆ ಒಬ್ರೂ ಕೇಳ್ಲಿಲ್ಲ ನೋಡು.’

ಆ ವಾರವೇ ಅವರು ಹೋದರು.

ಮಣ್ಣು ಮುಗಿದು, ದಿನ ಕಳೆದು, ಮೊದಲ ಭಾನುವಾರ ನಾವು ನಾಲ್ಕು ಜನ ಹಗರಿಯ ದಂಡೆಗೆ ಹೋದೆವು. ಹೊಂಗೆಯ ನೆರಳಲ್ಲಿ ಕೂತಾಗ ನಾನು ಆಸ್ಪತ್ರೆಯ ಮಾತನ್ನು ಹೇಳಿದೆ, ಎರಡೂ ಹೆಸರುಗಳನ್ನು ಹೇಳಿದೆ. ಊರಿನ ಬಸುರಿ ಬಾಣಂತಿಯರಿಗೆಲ್ಲ ತೊಟ್ಟಿಲು ಹೊಲಿದುಕೊಡುವ ಗೌರಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು.

‘ನಂದು ರುದ್ರೇಶ’ ಎಂದಳು.