ನಾಗಮ್ಮನ ಮನೆಯ ಕೆಂಡ

ಹೊಡೆದದ್ದು ನಾನೇ. ಹುಣಸೆಮರವೂ ಮೈದುನನದೇ. ನಮ್ಮೂರಿನ ಕೆಲವರು ನನ್ನ ಮೇಲಿನ ಮಮತೆಗೆ, "ಪಾಪ, ಗಂಡ ಸತ್ತೋಳು, ಮೈದುನ ಮೋಸ ಮಾಡ್ದ" ಎಂದು ಈಗಲೂ ಹೇಳುತ್ತಾರಂತೆ. ಅದು ಸುಳ್ಳು. ಗಂಡ ಸತ್ತ ವರ್ಷ ಆ ಮರ ನನ್ನದೆಂದು ಹಟ ಹಿಡಿದೆ. ಮೈದುನ ಮರ ಹತ್ತಿ ಹಣ್ಣು ಉದುರಿಸಿ ಕೆಳಗಿಳಿದ. ನನ್ನ ಕೈಯಲ್ಲಿ ಒನಕೆ ಇತ್ತು, ಬಾರಿಸಿದೆ. ಅವನ ಬಲಗೈ ಇಂದಿಗೂ ನೆಟ್ಟಗಾಗಿಲ್ಲ. ಕೋರ್ಟಿನವರು ನಾಲ್ಕು ವರ್ಷ ಹಾಕಿದರು. ಸರಿಯಾಗಿಯೇ ಹಾಕಿದರು.

ಇದನ್ನು ಮೊದಲೇ ಹೇಳಿದ್ದೇಕೆಂದರೆ, ಶಿರಾ ಸೀಮೆಯ ಬರಗೂರಿನ ಕಡೆಯ ನೀವೆಲ್ಲ "ಆ ಮುದುಕಿ ಪಾವಗಡದ ಗಡಿಯಲ್ಲಿ ಹೆಂಗೆ ಬಾಳ್ತಾ ಐತೆ?" ಎಂದು ಕೇಳುತ್ತಿದ್ದೀರಂತೆ. ನನಗೆ ಅಕ್ಷರ ಬಂದದ್ದು ಜೈಲಿನಲ್ಲಿ. ಮಧ್ಯಾಹ್ನ ಒಬ್ಬರು ಅಮ್ಮ ಬಂದು ಹೆಂಗಸರಿಗೆ ಹಲಗೆ ಹಿಡಿಸುತ್ತಿದ್ದರು. ಒತ್ತಕ್ಷರ ಇನ್ನೂ ನನ್ನ ಮಾತು ಕೇಳುವುದಿಲ್ಲ. ಅವನ್ನು ಇಲ್ಲಿನ ಮೇಷ್ಟ್ರು ತಿದ್ದಿದ್ದಾರೆ. ಉಳಿದದ್ದು ನನ್ನದು.

ಈ ಊರಿನ ಮೊದಲ ಬೆಳಗ್ಗೆ ನನಗೆ ಬಾಗಿಲು ತೆಗೆಯುವುದೇ ತಿಳಿಯಲಿಲ್ಲ. ಎದ್ದೆ, ಸೀರೆ ಸರಿ ಮಾಡಿಕೊಂಡೆ, ಬಾಗಿಲ ಹಿಂದೆ ಕುಕ್ಕರಗಾಲಲ್ಲಿ ಕೂತೆ. ಯಾರಾದರೂ ಬಂದು ತೆಗೆಯುತ್ತಾರೆಂದು ಕಾದೆ. ಬಿಸಿಲು ಸಂದಿಯಿಂದ ಒಳಗೆ ಬಂತು, ನಾನು ಮಾತ್ರ ಕೂತೇ ಇದ್ದೆ. ಕೊನೆಗೆ ಹೊರಗಿನಿಂದ ಯಾರೋ ಬಾಗಿಲು ಗುದ್ದಿದರು.

"ಏಮ್ಮಾ, ಬದುಕಿದ್ದೀಯೋ ಇಲ್ವೋ? ಅಗುಳಿ ನಿನ್ನ ಕಡೆ ಐತೆ, ನಾನೆಂಗೆ ತೆಗೀಲಿ?"

ನೋಡಿದರೆ ಹೌದು, ಅಗುಳಿ ಒಳಗಡೆಯೇ ಇತ್ತು. ಹಿಂದಿನ ಸಂಜೆ ಹಾಕಿಕೊಂಡವಳೂ ನಾನೇ.

ಬಾಗಿಲು ಗುದ್ದಿದವಳು ಪಕ್ಕದ ಮನೆಯ ನಾಗಮ್ಮ. ನನ್ನ ವಯಸ್ಸಿನವಳೇ, ನನಗಿಂತ ದಪ್ಪ, ಬಾಯಿ ನನ್ನದಕ್ಕಿಂತ ದೊಡ್ಡದು. ಕೈಯಲ್ಲಿ ಬೋಕಿ ಹಿಡಿದಿದ್ದಳು, ಎಂದರೆ ಒಡೆದ ಮಡಕೆಯ ಚೂರು. ಅದರಲ್ಲಿ ಬೂದಿ, ಬೂದಿಯ ನಡುವೆ ನಾಲ್ಕು ಕೆಂಡ. "ನಿಪ್ಪು ಕಾವಾಲಾ?" ಎಂದಳು. ತೆಲುಗಿನಲ್ಲಿ ನಿಪ್ಪೆಂದರೆ ಬೆಂಕಿ, ಬೆಂಕಿ ಬೇಕಾ ಎಂದು ಕೇಳಿದ್ದು. ನನಗೆ ಆ ಮಾತು ಗೊತ್ತಿರಲಿಲ್ಲ, ಆದರೆ ಕೆಂಡ ನೋಡಿದ ಮೇಲೆ ಮಾತು ಬೇಕಾಗಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಬೆವರು.

ಕೆಂಡದ ವಿಷಯ ನಿಮಗೆ ಹೇಳಬೇಕಿಲ್ಲ. ಬೆಂಕಿಪೊಟ್ಟಣವನ್ನು ಯಾರು ದಿನಾ ಕೊಳ್ಳುತ್ತಾರೆ? ಒಬ್ಬರ ಒಲೆ ಆರಿದರೆ ಪಕ್ಕದ ಒಲೆಯಿಂದ ಬರಬೇಕು. ಕೊಡಲಿಲ್ಲವೆಂದರೆ ಆ ಮನೆ ಊರಿನಿಂದ ಹೊರಗೆ ಎಂದರ್ಥ. ಒಳ್ಳೆಯ ನಡತೆಗೆ ಕೆಲವು ತಿಂಗಳು ಮೊದಲೇ ಬಿಡುಗಡೆಯಾಗಿ ನಾನು ನಮ್ಮೂರಿಗೆ ಬಂದಾಗ ಸೊಸೆ ಜಗಲಿಯ ಮೇಲೆ ಚಾಪೆ ಹಾಕಿದಳು, ಅಲ್ಲಿಗೇ ತಟ್ಟೆ ತಂದಿಟ್ಟಳು. ಅದಕ್ಕೆ ನನಗೆ ಕೋಪವಿಲ್ಲ. ಅವಳಿಗೆ ಹೆಣ್ಣುಮಗುವಿತ್ತು, ಮುಂದೆ ಗಂಡಿನವರು ಬರಬೇಕು. ಆದರೆ ಮೂರನೆಯ ದಿನ ಅವಳು ಬರಿಯ ಬೋಕಿ ಹಿಡಿದು ಹಿಂದಿರುಗಿದಳು. ನಮ್ಮ ಮನೆಸಾಲಿನಲ್ಲಿ ಒಬ್ಬರೂ ಕೆಂಡ ಕೊಟ್ಟಿರಲಿಲ್ಲ. ಮಗ ತಲೆ ಬಗ್ಗಿಸಿ ಕೂತ. ಮೊಮ್ಮಗಳು ಹಸಿವೆಂದು ಅತ್ತಳು. ಸರ್ಕಾರ ಕೊಟ್ಟ ಶಿಕ್ಷೆಗೆ ಕೊನೆಯ ದಿನ ಎಂದೊಂದಿತ್ತು. ಊರು ಕೊಟ್ಟದ್ದಕ್ಕೆ ಅದನ್ನು ಯಾರೂ ಬರೆದಿರಲಿಲ್ಲ. ನಾನು ಗಂಟು ಕಟ್ಟಿದೆ.

ಜೈಲಿನಲ್ಲಿ ನನ್ನ ಜೊತೆ ಬೀಸುಕಲ್ಲು ತಿರುಗಿಸುತ್ತಿದ್ದವಳು ಪಾವಗಡದ ಕಡೆಯವಳು. "ನಮ್ಮ ಕಡೆ ಹೋಗಕ್ಕ, ಕಡ್ಲೇಕಾಯಿ ಕೀಳೋ ಕಾಲಕ್ಕೆ ಅಡಿಗೆಯೋರು ಸಿಕ್ಕಲ್ಲ" ಎಂದಿದ್ದಳು. ಅದೇ ಮಾತು ಹಿಡಿದು ಒಂದು ಗಾಡಿ ಹತ್ತಿದೆ. ಮಧುಗಿರಿಯಲ್ಲಿ ಕೋರ್ಟಿನ ಮುಂದೆ ಹೋಗುವಾಗ ಸೆರಗು ಮುಖಕ್ಕೆಳೆದೆ. "ಯಾಕವ್ವ?" ಎಂದ ಗಾಡಿಯವನು. "ಬಿಸ್ಲು ಕಣಪ್ಪ" ಎಂದೆ. ಮೋಡ ಕವಿದಿತ್ತು.

ಇಲ್ಲಿ ಮನೆಯ ಗೋಡೆಯೂ ಕಲ್ಲು, ಸೂರೂ ಕಲ್ಲು. ನಮ್ಮ ಹುಲ್ಲುಸೂರಿನ ತಂಪಿಲ್ಲ. ಹಗಲು ಕಾವಲಿಯ ಮೇಲಿದ್ದಂತೆ. ಇಲ್ಲಿಯವರು ಮುದ್ದೆಗೆ ಸಂಗಟಿ ಎನ್ನುತ್ತಾರೆ. ಜೊತೆಗೆ ಊರುಬಿಂಡಿ, ಎಂದರೆ ಹುರಿದ ಕಡಲೆಕಾಯಿಬೀಜ, ಒಣಮೆಣಸಿನಕಾಯಿ ಅರೆದ ಗಟ್ಟಿ ಚಟ್ನಿ. ಮೊದಲ ದಿನ ತಿಂದು ಕಣ್ಣೀರು ಸುರಿಯಿತು, ಎರಡನೆಯ ದಿನ ಇನ್ನಷ್ಟು ಹಾಕು ಎಂದೆ. ತೆಲುಗು ಬರಲು ನಾಲ್ಕು ತಿಂಗಳಾಯಿತು. ಅಲ್ಲಿಯವರೆಗೆ ನಾಗಮ್ಮನ ಕನ್ನಡ ಬಿಟ್ಟರೆ ಮಾತಾಡಲು ಒಲೆಯೊಂದೇ. ಒಂದು ದಿನ ನಾಗಮ್ಮನ ಮೇಕೆ ನನ್ನ ಸೊಪ್ಪಿಗೆ ಬಾಯಿ ಹಾಕಿದಾಗ ತೆಲುಗಿನ ಬೈಗುಳ ತಾನಾಗಿ ಬಂತು. ನಾಗಮ್ಮ ಓಡಿ ಬಂದು, "ಅಬ್ಬ, ಇನ್ನು ನೀನು ನಮ್ಮೋಳು ಕಣೇ" ಎಂದಳು.

ಪಟೇಲರು ಕಡಲೆಕಾಯಿ ಕೀಳುವ ಆಳುಗಳಿಗೆ ಮುದ್ದೆ ಮಾಡುವ ಕೆಲಸ ಕೊಟ್ಟರು. ಮೂವತ್ತು ಆಳು ನನಗೆ ಯಾವ ಲೆಕ್ಕ? ಜೈಲಿನಲ್ಲಿ ಅದಕ್ಕಿಂತ ದೊಡ್ಡ ಕೊಪ್ಪರಿಗೆಯಲ್ಲಿ ಕೋಲಾಡಿಸಿದವಳು. "ಎಲ್ಲಿ ಕಲಿತೆ ಅವ್ವ, ಒಂದು ಗಂಟಿಲ್ಲ" ಎಂದು ಆಳುಗಳು ಕೇಳಿದರೆ, "ದೊಡ್ಡ ಮನೇಲಿ" ಎನ್ನುತ್ತಿದ್ದೆ. ಅದು ಸುಳ್ಳಲ್ಲ. ಬಹಳ ದೊಡ್ಡ ಮನೆ.

ಹೀಗೆ ವರ್ಷವಾಗುತ್ತ ಬಂತು. ತಾಲ್ಲೂಕಿನ ಅಮಲ್ದಾರರು ಜಮಾಬಂದಿಗೆ, ಎಂದರೆ ಕಂದಾಯದ ಲೆಕ್ಕ ನೋಡಲು, ಬಂದರು. ಊರೆಲ್ಲ ಚಾವಡಿಯ ಮುಂದೆ ಸೇರಿತ್ತು. ನಾನು ಆಳುಗಳಿಗೆ ಬುತ್ತಿ ಹೊತ್ತು ಅದೇ ದಾರಿಯಲ್ಲಿ ಬಂದೆ. ಜನ ಮೇಲೆ ಬೀಳುತ್ತಿದ್ದರು, ಖಾಕಿ ತೊಟ್ಟ ಜವಾನ ಕೋಲು ನೆಲಕ್ಕೆ ಕುಟ್ಟಿ ಗದರಿದ: "ಸಾಲಾಗಿ ಕೂತ್ಕಳ್ರೋ! ಎಣಿಸಬೇಕು!"

ಎಣಿಸಬೇಕಾದದ್ದು ಕುರಿ, ಎತ್ತು ತಂದವರನ್ನು. ಆದರೆ ನನ್ನ ಮೈ ನನ್ನನ್ನು ಕೇಳಲಿಲ್ಲ. ತಲೆಯ ಬುತ್ತಿಪುಟ್ಟಿ ಇಳಿಸಿದೆ, ಕುಕ್ಕರಗಾಲಲ್ಲಿ ಕೂತೆ, ಎರಡೂ ಅಂಗೈ ಮುಂದೆ ಚಾಚಿ ಕೂಗಿದೆ:

"ಹದಿನೇಳು, ಹಾಜರ್!"

ಅಮಲ್ದಾರರು ಕನ್ನಡಕ ತೆಗೆದು ನೋಡಿದರು. ಅದು ಜೈಲಿನ ನಂಬರೆಂದು ಅವರಿಗೆ ತಿಳಿಯಿತು.

"ಯಾವ ಜೈಲಮ್ಮ?"

ಸರ್ಕಾರದವರ ಮುಂದೆ ನನಗೆ ಸುಳ್ಳು ಬರುವುದಿಲ್ಲ. "ಬೆಂಗಳೂರು, ಸ್ವಾಮಿ."

"ಶಿಕ್ಷೆ ಮುಗೀತೇ?"

"ಮುಗೀತು ಸ್ವಾಮಿ."

"ಮತ್ತೆ ಯಾಕೆ ಕೂತಿದ್ದೀರಿ? ಎದ್ದೇಳಿ."

ಅಷ್ಟು ಹೇಳಿ ಅವರು ಕಾಗದ ನೋಡತೊಡಗಿದರು. ಅವರದು ಒಂದು ಮಾತಿಗೆ ಮುಗಿಯಿತು, ಊರಿನದು ಮುಗಿಯಲಿಲ್ಲ. ಅವರ ಗಾಡಿ ಹೋದ ಮೇಲೆ ಪಟೇಲರು ನನ್ನನ್ನು ಜಗಲಿಯ ಮುಂದೆ ನಿಲ್ಲಿಸಿಕೊಂಡರು.

"ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

ಒನಕೆಯ ಕಥೆಯನ್ನು ನಿಮಗೆ ಹೇಳಿದಂತೆಯೇ ಅವರಿಗೂ ಹೇಳಿದೆ, ಮರ ಅವನದೆಂಬುದನ್ನೂ ಸೇರಿಸಿ. ಆಳುಗಳಲ್ಲಿ ಹಿರಿಯವನಾದ ಓಬಳಪ್ಪ ಹಿಂದಿನಿಂದ, "ಮುದ್ದೆ ಗಂಟಿಲ್ದೆ ಇರೋದು ಅದಕ್ಕೇ ಕಣ್ಲಾ, ಸರ್ಕಾರಿ ಕಲಿಕೆ!" ಎಂದ. ಕೆಲವರು ನಕ್ಕರು. ಪಟೇಲರು ನಗಲಿಲ್ಲ.

"ನಾನು ತಿಂತೀನಿ ಅಂದ್ರೆ ಸಾಲ್ದು. ನಿಮ್ಮ ಸಾಲಿನ ಹೆಂಗಸರು ಒಪ್ಪಬೇಕು. ಅವರು ಬೆಂಕಿ ಕೊಡೋದಾದ್ರೆ ನಾಳೆ ಒಲೆ ಹಚ್ಚು. ಕೊಡದಿದ್ರೆ ನಾನು ಬಲವಂತ ಮಾಡೋನಲ್ಲ" ಎಂದರು.

ನಮ್ಮ ಸಾಲಿನ ಒಲೆಗಳಿಗೆಲ್ಲ ತಾಯಿ ಒಲೆ ನಾಗಮ್ಮನದು. ನಾನು ಮನೆಗೆ ಬಂದಾಗ ಅವಳು ಹೊಸ್ತಿಲಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಮೊರ ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಬಾಯಿ ಮುಚ್ಚಿದ್ದು ಅದೇ ಮೊದಲು.

ಇದಾಗಿ ಈಗ ಆರು ವರ್ಷ. ಬೇಸಿಗೆಯಲ್ಲಿ ನಿಮ್ಮ ಕಡೆಯ ಗಾಡಿಯಲ್ಲಿ ಮೈದುನ ಒಂದು ಬುಟ್ಟಿ ಹುಣಸೆಹಣ್ಣು ಕಳಿಸುತ್ತಾನೆ, ಅದೇ ಮರದ್ದು. ಬೀಜ ತೆಗೆಯದೆ ಕಳಿಸುತ್ತಾನೆ. ಅಷ್ಟು ಸಿಟ್ಟು ಇಟ್ಟುಕೊಳ್ಳಲಿ, ಮುರಿದದ್ದು ಅವನ ಕೈ. ಆ ಹುಣಸೆಹಣ್ಣು ಹಾಕಿ ನಮ್ಮೂರಿನ ಹಾಗೆ ಹುರುಳಿ ಸಾರು ಮಾಡಿದರೆ ಇಲ್ಲಿಯವರು "ನಿಮ್ಮ ಶಿರಾ ಸಾರು ಹುಳಿ" ಎಂದು ಮೂಗು ಮುರಿಯುತ್ತಾರೆ. ಒಮ್ಮೆ ಮೊಮ್ಮಗಳನ್ನು ನೋಡಲು ಅಲ್ಲಿಗೆ ಬಂದು, ನಿಮ್ಮ ಮುದ್ದೆಗೆ ಊರುಬಿಂಡಿ ಅರೆದರೆ ನೀವು "ಅಯ್ಯೋ, ತೆಲುಗರ ಖಾರ" ಎಂದಿರಿ. ಸೊಸೆ ಆ ಸಲ ಚಾಪೆ ನಡುಮನೆಯಲ್ಲೇ ಹಾಕಿದಳು. ಎರಡು ದಿನ ಮಲಗಿದೆ, ಮೂರನೆಯ ದಿನ ಈ ಕಲ್ಲುಮನೆಯ ಸೆಕೆ ನೆನಪಾಗಿ ಗಾಡಿ ಹತ್ತಿದೆ. ಇಲ್ಲಿಗೆ ಬಂದ ಮೇಲೆ ಮೊಮ್ಮಗಳ ಜಡೆ ನೆನಪಾಯಿತು. ಇದಕ್ಕೆ ಮದ್ದಿಲ್ಲ, ನಾನು ಹುಡುಕುವುದೂ ಇಲ್ಲ.

ಆದರೆ ಜಮಾಬಂದಿಯ ಮರುದಿನ ಏನು ಮಾಡಿದೆನೆಂದು ಹೇಳಬೇಕಲ್ಲ. ನನ್ನ ಒಲೆಯಲ್ಲಿ ಬೂದಿ ಮುಚ್ಚಿಟ್ಟ ಕೆಂಡ ಇನ್ನೂ ಇತ್ತು. ಅದರಿಂದಲೇ ಹಚ್ಚಿಕೊಂಡು, ಬೇಕಿದ್ದರೆ ಬನ್ನಿ, ಬೇಡವಾದರೆ ಬಿಡಿ ಎನ್ನಬಹುದಿತ್ತು. ಹಾಗೆ ಮಾಡಲಿಲ್ಲ. ಒಂದು ಚೊಂಬು ನೀರು ಸುರಿದೆ. ಒಲೆ ಚುಂಯ್ ಎಂದು ಸತ್ತಿತು. ಗಂಟು ಕಟ್ಟಿ ಬಾಗಿಲ ಬಳಿ ಇಟ್ಟೆ, ಅಗುಳಿ ತೆಗೆದೆ, ಬೋಕಿ ಹಿಡಿದು ನಾಗಮ್ಮನ ಬಾಗಿಲಿಗೆ ಹೋದೆ.

ಅವಳು ಒಲೆ ಮುಂದೆ ಕೂತಿದ್ದಳು. ತಿರುಗಿ ನೋಡಲಿಲ್ಲ. ನನ್ನ ಮಂಡಿ ತಾನಾಗಿ ಕುಕ್ಕರಗಾಲಿಗೆ ಬಾಗತೊಡಗಿತು, ನೆಟ್ಟಗೆ ಮಾಡಿದೆ.

"ಒಂದು ವರ್ಷ," ಎಂದಳು ಒಲೆಯ ಕಡೆಗೇ. "ನಮ್ಮತ್ತೆ ಬೈದಿದ್ದು, ನನ್ನ ಗಂಡ ಗೊರಕೆ ಹೊಡೆಯೋದು, ಎಲ್ಲ ನಿಂಗೆ ಹೇಳ್ದೆ. ನೀನು ಒಂದು ಒನಕೆ ಮುಚ್ಚಿಟ್ಕಂಡಿದ್ದೀಯಲ್ಲೇ!"

"ಹೇಳಿದ್ರೆ ನಿಪ್ಪು ಕೊಡ್ತಿದ್ಯಾ?"

ಅವಳು ಒಲೆಗೆ ಒಂದು ಸೌದೆ ನೂಕಿದಳು. "ಆವತ್ತು ಕೊಡ್ತಿರ್ಲಿಲ್ಲ."

ಆಮೇಲೆ ಬಾಗಿ ಒಲೆಯಿಂದ ಕೆಂಡ ಗೋರಿದಳು, ನಾಲ್ಕಲ್ಲ, ತನ್ನ ಬೋಕಿ ತುಂಬ. ತಂದು ಹೊಸ್ತಿಲಲ್ಲಿ ನಿಂತು, ಓಣಿಯೆಲ್ಲ ಕೇಳುವಂತೆ ಕೂಗಿದಳು:

"ಹದಿನೇಳು!"

ಎದುರು ಮನೆಯವಳು ಕಿಸಕ್ಕನೆ ನಕ್ಕಳು. ನಾನು ಕೂರಲಿಲ್ಲ. ನಿಂತುಕೊಂಡೇ ನನ್ನ ಬೋಕಿ ಚಾಚಿ "ಹಾಜರ್" ಎಂದೆ. ಕೆಂಡ ಆರುವ ಮೊದಲೇ ಮನೆಗೆ ಹೋಗಿ ಮೂವತ್ತು ಜನಕ್ಕೆ ಎಸರಿಟ್ಟೆ.